ಚಿತ್ರ ಬರೆದಿರಿ ಸರಿ, ಹೇಳಿದ್ದೇನು?

2008ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮ್ಯಾಕ್‌ವರ್ಲ್ಡ್ ಸಮಾವೇಶದಲ್ಲಿ ಸ್ಟೀವ್ ಜಾಬ್ಸ್ ಒಂದು ಪೈ ಚಾರ್ಟ್ ತೋರಿಸಿದರು. ಅಮೆರಿಕದ ಸ್ಮಾರ್ಟ್‌ಫೋನ್ ಮಾರುಕಟ್ಟೆಯಲ್ಲಿ ಯಾರ ಪಾಲು ಎಷ್ಟು ಎಂಬ ಲೆಕ್ಕ ಅದು. ಬ್ಲ್ಯಾಕ್‌ಬೆರಿ ಫೋನಿನ ರಿಮ್ ಕಂಪನಿಗೆ ಶೇ 39, ಐಫೋನಿಗೆ ಶೇ 19.5, ‘ಇತರರು’ ಎಂಬ ಗುಂಪಿಗೆ ಶೇ 21.2. ಐಫೋನ್ ಅಂಗಡಿಗೆ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. ಅಂಕಿಯನ್ನು ಬಾಯಲ್ಲಿ ಹೇಳಿದ್ದರೂ ಸಾಕಿತ್ತು, ಸಭೆ ಚಪ್ಪಾಳೆ ತಟ್ಟುತ್ತಿತ್ತು. ಆದರೆ ಪರದೆಯ ಮೇಲಿನ ವೃತ್ತವನ್ನು ಮೂರು ಆಯಾಮದಲ್ಲಿ, ನೋಡುಗರ ಕಡೆಗೆ ವಾಲಿಸಿ ಬರೆದಿದ್ದರು. ಐಫೋನಿನ ಹೋಳು ಮುಂದುಗಡೆ, ಅಂಚಿನ ದಪ್ಪವೂ ಕಾಣುವ ಜಾಗದಲ್ಲಿತ್ತು. ಇತರರ ಹೋಳು ಹಿಂದೆ ಸರಿದಿತ್ತು. ಹಾಗಾಗಿ 19.5 ದೊಡ್ಡದಾಗಿ, 21.2 ಚಿಕ್ಕದಾಗಿ ಕಂಡಿತು. ಅಂಕಿಗಳಲ್ಲಿ ಒಂದೂ ಸುಳ್ಳಿಲ್ಲ. ಸುಳ್ಳು ಹೇಳಿದ್ದು ಚಿತ್ರ.

ಜಾಬ್ಸ್ ಅವರ ಚಿತ್ರಕ್ಕಾದರೂ ಒಂದು ಉದ್ದೇಶವಿತ್ತು. ಬೆಳಗಾದರೆ ನಮ್ಮ ಕಚೇರಿಗಳ ಮೀಟಿಂಗ್ ರೂಮಿನಲ್ಲಿ ತೆರೆದುಕೊಳ್ಳುವ ಪಿಪಿಟಿಗಳಲ್ಲಿ ಬಹುಪಾಲು ಚಿತ್ರಗಳಿಗೆ ಅದೂ ಇರುವುದಿಲ್ಲ. ಮೇಲೆ ‘ಸೇಲ್ಸ್ ಪರ್ಫಾರ್ಮೆನ್ಸ್’ ಎಂಬ ತಲೆಬರಹ. ಕೆಳಗೆ ಏಳೆಂಟು ಬಣ್ಣದ ಕಂಬಗಳು. ಯಾವ ಬಣ್ಣ ಯಾವ ಜಿಲ್ಲೆ ಎಂದು ತಿಳಿಯಲು ಮೂಲೆಯಲ್ಲೊಂದು ಪುಟ್ಟ ಚೌಕ. ಮಾತಾಡುವವರು ‘ಇಲ್ಲಿ ನೀವು ನೋಡಬಹುದು’ ಅನ್ನುತ್ತಾರೆ; ಕೂತವರು ಏನನ್ನು ನೋಡಬೇಕೆಂದು ಹುಡುಕುವಷ್ಟರಲ್ಲಿ ‘ನೆಕ್ಸ್ಟ್ ಸ್ಲೈಡ್’ ಬಂದಿರುತ್ತದೆ. ಚಿತ್ರ ಇದ್ದರೆ ಲಕ್ಷಣ ಎಂಬ ಕಾರಣಕ್ಕೆ ಬಂದು ಕೂತ ಚಿತ್ರ ಅದು. ಸಭೆ ಸೇರಿರುವುದು ಯಾವ ಪ್ರಶ್ನೆಯನ್ನು ತೀರ್ಮಾನಿಸಲಿಕ್ಕೋ ಆ ಪ್ರಶ್ನೆ ಚಿತ್ರದೊಳಗೆ ಇಲ್ಲದಿದ್ದರೆ ಎಷ್ಟು ಬಣ್ಣ ಬಳಿದರೂ ಅದು ಗೋಡೆಯ ಕ್ಯಾಲೆಂಡರೇ.

ವ್ಯಾಪಾರದ ಅಂಕಿಗಳನ್ನು ಚಿತ್ರವಾಗಿಸಿದ ಮೊದಲಿಗರಿಗೆ ಈ ಗೊಂದಲ ಇರಲಿಲ್ಲ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್, ಜೇಮ್ಸ್ ವಾಟ್‌ನ ಬಳಿ ನಕ್ಷೆ ಬರೆಯುವ ಕೆಲಸ ಮಾಡಿದ್ದವನು, 1786ರಲ್ಲಿ ಇಂಗ್ಲೆಂಡಿನ ವಿದೇಶ ವ್ಯಾಪಾರದ ಮೇಲೊಂದು ಪುಸ್ತಕ ತಂದ. ಡೆನ್ಮಾರ್ಕ್ ಮತ್ತು ನಾರ್ವೆ ಜೊತೆಗಿನ ವ್ಯಾಪಾರಕ್ಕೆ ಅದರಲ್ಲಿ ಎರಡೇ ಗೆರೆ: ಒಂದು ಆಮದು, ಇನ್ನೊಂದು ರಫ್ತು. ಒಂದು ಕಾಲದಲ್ಲಿ ಆಮದಿನ ಗೆರೆ ಮೇಲಿತ್ತು, ಆಮೇಲೆ ಎರಡೂ ಅಡ್ಡ ಹಾಯ್ದು ರಫ್ತು ಮೇಲೇರಿತು. ನಡುವಿನ ಜಾಗಕ್ಕೆ ಬಣ್ಣ ತುಂಬಿ, ಅಲ್ಲೇ, ಆ ಬಣ್ಣದ ಮೇಲೇ, ಇದು ಇಂಗ್ಲೆಂಡಿಗೆ ನಷ್ಟದ ಬಾಕಿ, ಇದು ಲಾಭದ ಬಾಕಿ ಎಂದು ಬರೆದ. ಹೆಸರು ಹುಡುಕಲು ಕಣ್ಣು ಮೂಲೆಗೆ ಹೋಗಬೇಕಿಲ್ಲ. ದೇಶಕ್ಕೆ ಈ ವ್ಯಾಪಾರ ಗಿಟ್ಟುತ್ತಿದೆಯೇ ಎಂದು ಕೇಳುವವರಿಗೆ ಉತ್ತರ ಎದುರಿಗೇ ಇದೆ. ಪೈ ಚಾರ್ಟ್ ಕೂಡ ಇದೇ ಪ್ಲೇಫೇರ್ 1801ರಲ್ಲಿ ಕೊಟ್ಟ ಕೊಡುಗೆ ಎನ್ನುವುದನ್ನು ಮನ್ನಿಸಿಬಿಡೋಣ.

ಪ್ರಶ್ನೆ ಒಂದು ಕಡೆ, ಚಿತ್ರ ಇನ್ನೊಂದು ಕಡೆ ಆದರೆ ಏನಾಗುತ್ತದೆ ಎಂಬುದಕ್ಕೆ ಲೋಕಕ್ಕೆಲ್ಲ ಗೊತ್ತಿರುವ ಉದಾಹರಣೆ 1986ರ ಜನವರಿ 27ರ ರಾತ್ರಿಯದು. ಮರುದಿನ ಬೆಳಿಗ್ಗೆ ಫ್ಲಾರಿಡಾದಿಂದ ಚಾಲೆಂಜರ್ ಗಗನನೌಕೆ ಏರಬೇಕಿತ್ತು. ಅದರ ಬೂಸ್ಟರ್ ರಾಕೆಟ್ ತಯಾರಿಸಿದ್ದು ಯೂಟಾ ರಾಜ್ಯದ ಮಾರ್ಟನ್ ಥಿಯೋಕಾಲ್ ಕಂಪನಿ. ಬೂಸ್ಟರಿನ ತುಂಡುಗಳು ಕೂಡುವ ಜಾಗದಲ್ಲಿ ಬಿಸಿ ಅನಿಲ ಸೋರದಂತೆ ಒ-ರಿಂಗ್ ಎಂಬ ರಬ್ಬರ್ ಬಳೆಗಳಿದ್ದವು. ಆ ರಾತ್ರಿ ಫ್ಲಾರಿಡಾದಲ್ಲಿ ಹಿಂದೆಂದೂ ಉಡಾವಣೆ ಕಾಣದಂಥ ಚಳಿ. ಚಳಿಗೆ ರಬ್ಬರು ಸೆಟೆದು ಕೂಡುಜಾಗ ಸೋರೀತು ಎಂದು ಕಂಪನಿಯ ಎಂಜಿನಿಯರುಗಳಿಗೆ ದಿಗಿಲು. ಗಡಿಬಿಡಿಯಲ್ಲಿ 13 ಚಾರ್ಟುಗಳನ್ನು ಸಿದ್ಧಪಡಿಸಿ, ಕೆಲವನ್ನು ಕೈಯಲ್ಲೇ ಬರೆದು, ನಾಸಾಕ್ಕೆ ಫ್ಯಾಕ್ಸ್ ಮಾಡಿ ದೂರವಾಣಿ ಸಭೆಗೆ ಕೂತರು. ಅವರ ಸಲಹೆ ಸ್ಪಷ್ಟವಾಗಿತ್ತು: ಈ ಚಳಿಯಲ್ಲಿ ಹಾರಿಸಬೇಡಿ.

ಈಗ ಆ ಹಾಳೆಗಳನ್ನು ಹತ್ತಿರದಿಂದ ನೋಡಬೇಕು. ಹಿಂದಿನ ಹಾರಾಟಗಳಲ್ಲಿ ಒ-ರಿಂಗಿಗೆ ಆದ ಹಾನಿಯ ಪಟ್ಟಿ ಒಂದು ಹಾಳೆಯಲ್ಲಿತ್ತು. ಅದರಲ್ಲಿ ತಾಪಮಾನ ಇರಲಿಲ್ಲ. ತಾಪಮಾನದ ಪಟ್ಟಿ ಇನ್ನೊಂದು ಹಾಳೆಯಲ್ಲಿತ್ತು. ಅದರಲ್ಲಿ ಹಾನಿಯ ಮಾತಿರಲಿಲ್ಲ. ಅಷ್ಟೇ ಅಲ್ಲ, ಆ ಎರಡನೆಯ ಹಾಳೆಯಲ್ಲಿ ನೆಲದ ಮೇಲಿನ ಪರೀಕ್ಷೆಗಳನ್ನು ಬಿಟ್ಟರೆ ಹಿಂದೆ ಹಾರಿದ ನೌಕೆಗಳು ಎರಡೇ ಎರಡು. ಒಂದು ಸುಮಾರು 12 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಾರಿದ್ದು, ಮತ್ತೊಂದು ಸುಮಾರು 24 ಡಿಗ್ರಿಯಲ್ಲಿ. ಎರಡರಲ್ಲೂ ಅನಿಲ ಸೋರಿದ ಗುರುತು ಸಿಕ್ಕಿತ್ತು. ನಾಸಾ ಅಧಿಕಾರಿಗಳು ಅದನ್ನೇ ಹಿಡಿದರು: ಚಳಿಯಲ್ಲೂ ಸೋರಿದೆ, ಬಿಸಿಲಲ್ಲೂ ಸೋರಿದೆ, ಹಾಗಿದ್ದ ಮೇಲೆ ಚಳಿಯ ಪಾತ್ರವೇನು? ಎಂಜಿನಿಯರುಗಳ ಬಳಿ ಚಿತ್ರದಲ್ಲಿ ಉತ್ತರವಿರಲಿಲ್ಲ. ಕಂಪನಿಯ ಆಡಳಿತದವರು ಸಭೆಯಿಂದ ಎದ್ದು ತಮ್ಮೊಳಗೇ ಅರ್ಧ ಗಂಟೆ ಮಾತಾಡಿ ಬಂದು ಸಲಹೆಯನ್ನು ತಿರುಗಿಸಿದರು. ಮರುದಿನ ಹಾರಿದ 73 ಸೆಕೆಂಡಿಗೆ ಚಾಲೆಂಜರ್ ಛಿದ್ರವಾಯಿತು. ಶಾಲಾ ಶಿಕ್ಷಕಿ ಕ್ರಿಸ್ಟಾ ಮೆಕಾಲಿಫ್ ಸೇರಿ ಏಳು ಮಂದಿ ಸತ್ತರು.

ತನಿಖಾ ಆಯೋಗ ಆಮೇಲೆ ಹಾನಿ ಆದ ಹಾರಾಟಗಳ ಜೊತೆಗೆ ಏನೂ ಆಗದ ಹಾರಾಟಗಳನ್ನೂ ಸೇರಿಸಿ ಒಂದೇ ಗ್ರಾಫಿನಲ್ಲಿ ಚುಕ್ಕಿ ಇಟ್ಟಿತು. ಅಡ್ಡಗೆರೆಯಲ್ಲಿ ತಾಪಮಾನ, ನಿಲುವುಗೆರೆಯಲ್ಲಿ ಹಾನಿ. ಒ-ರಿಂಗ್ ಸುಮಾರು 19 ಡಿಗ್ರಿ ಅಥವಾ ಅದಕ್ಕೂ ಬೆಚ್ಚಗಿದ್ದ 20 ಹಾರಾಟಗಳಲ್ಲಿ ಮೂರರಲ್ಲಿ ಮಾತ್ರ ತೊಂದರೆ. ಸುಮಾರು 17 ಡಿಗ್ರಿ ಮತ್ತು ಅದಕ್ಕೂ ತಣ್ಣಗಿದ್ದ ನಾಲ್ಕಕ್ಕೆ ನಾಲ್ಕರಲ್ಲೂ ತೊಂದರೆ. ಆ ಬೆಳಗಿನ ಅಂದಾಜು ಸೊನ್ನೆಗಿಂತ ಕೆಳಗೆ. ಚುಕ್ಕಿಗಳ ಗುಂಪಿನಿಂದ ಎಷ್ಟೋ ದೂರ, ಎಡತುದಿಯಲ್ಲಿ. ಹತ್ತನೇ ತರಗತಿಯ ಹುಡುಗಿಯೂ ಬೆರಳಿಟ್ಟು ‘ಇಲ್ಲಿ ಬೇಡ’ ಅನ್ನುವಂಥ ಚಿತ್ರ.

ಅಂಕಿಗಳನ್ನು ಚಿತ್ರವಾಗಿಸುವ ಬಗೆಯನ್ನು ಕುರಿತು ಬರೆಯುವ ಅಮೆರಿಕದ ಎಡ್ವರ್ಡ್ ಟಫ್ಟಿ 1997ರ ತಮ್ಮ ಪುಸ್ತಕದಲ್ಲಿ ಈ ಚಾರ್ಟುಗಳನ್ನು ಬಿಡಿಸಿಟ್ಟು, ಸರಿಯಾದ ಒಂದು ಚಿತ್ರ ಇದ್ದಿದ್ದರೆ ಏಳು ಜೀವ ಉಳಿಯುತ್ತಿತ್ತು ಎಂಬ ಧಾಟಿಯಲ್ಲಿ ಬರೆದರು. ಇದನ್ನು ಪೂರ್ತಿ ಒಪ್ಪಬೇಕಿಲ್ಲ. ಆ ರಾತ್ರಿ ಉಡಾವಣೆ ಬೇಡವೆಂದು ಪಟ್ಟು ಹಿಡಿದಿದ್ದ ಎಂಜಿನಿಯರ್ ರೋಜರ್ ಬೋಯ್ಸ್‌ಜೋಲಿ ಮತ್ತು ಸಂಗಡಿಗರು ನಂತರ ಟಫ್ಟಿಗೆ ಉತ್ತರ ಕೊಟ್ಟರು: ಎಲ್ಲ ಹಾರಾಟಗಳ ತಾಪಮಾನ ಆ ರಾತ್ರಿ ಅವರ ಕೈಯಲ್ಲಿರಲಿಲ್ಲ, ತೀರ್ಮಾನದ ಅಧಿಕಾರವೂ ಇರಲಿಲ್ಲ. ನ್ಯಾಯವಾದ ಮಾತು. ಗಿರಾಕಿಯ ಒತ್ತಡಕ್ಕೆ ಮಣಿದ ಆಡಳಿತದ ತಪ್ಪನ್ನು ಚಿತ್ರ ಬರೆದವರ ತಲೆಗೆ ಕಟ್ಟಲಾಗದು. ಆದರೂ ಒಂದು ಮಾತು ಉಳಿಯುತ್ತದೆ. ಚಳಿಗೂ ಹಾನಿಗೂ ನಂಟಿದೆಯೇ ಎಂಬುದೊಂದೇ ಆ ಸಭೆಯ ಪ್ರಶ್ನೆ. ಆ ಎರಡನ್ನು ಒಟ್ಟಿಗೆ ತೋರಿಸುವ ಹಾಳೆ ಮಾತ್ರ ಹದಿಮೂರರಲ್ಲಿ ಒಂದೂ ಇರಲಿಲ್ಲ.

ಚಿತ್ರವೇ ಇಲ್ಲದೆ ಆದ ಅನಾಹುತವೂ ಇದೆ. 2003ರಲ್ಲಿ ಕಲ್ಪನಾ ಚಾವ್ಲಾ ಮತ್ತು ಆರು ಮಂದಿ ಕೊಲಂಬಿಯಾ ನೌಕೆಯಲ್ಲಿ ಇನ್ನೂ ಕಕ್ಷೆಯಲ್ಲಿದ್ದಾಗ, ಏರುವಾಗ ಕಳಚಿ ರೆಕ್ಕೆಗೆ ಬಡಿದ ಫೋಮ್ ತುಂಡಿನಿಂದ ಅಪಾಯವಿದೆಯೇ ಎಂದು ಬೋಯಿಂಗ್ ಎಂಜಿನಿಯರುಗಳು ನಾಸಾಕ್ಕೆ ಸ್ಲೈಡುಗಳಲ್ಲಿ ವರದಿ ಕೊಟ್ಟರು. ಒಂದು ಸ್ಲೈಡಿನ ತಲೆಬರಹ ಧೈರ್ಯ ಹೇಳುವಂತಿತ್ತು. ಅದರ ಕೆಳಗೆ ಚುಕ್ಕಿ, ಉಪಚುಕ್ಕಿ, ಉಪ-ಉಪಚುಕ್ಕಿಗಳ ಸಾಲು. ಎಲ್ಲಕ್ಕಿಂತ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಬಡಿದ ತುಂಡು 1920 ಘನ ಇಂಚು, ಹಿಂದೆ ಪರೀಕ್ಷೆ ಮಾಡಿದ್ದು 3 ಘನ ಇಂಚು ಎಂದು ಬರೆದಿತ್ತು. 640 ಪಟ್ಟು! ಪರೀಕ್ಷೆ ಮಾಡಿದ್ದು ನಿಂಬೆಹಣ್ಣಿನಷ್ಟು. ಬಡಿದದ್ದು ಮನೆಗೆ ತರಿಸುವ 20 ಲೀಟರಿನ ನೀರಿನ ಕ್ಯಾನಿಗಿಂತ ಒಂದೂವರೆ ಪಟ್ಟು ದೊಡ್ಡದು. ಇವೆರಡನ್ನು ಅಕ್ಕಪಕ್ಕ ಒಂದೇ ಅಳತೆಯಲ್ಲಿ ಬರೆಯಲು ಪೆನ್ಸಿಲ್ ಹಿಡಿದವರಿಗೆ ಅರ್ಧ ನಿಮಿಷ ಸಾಕು. ಹಾಗೆ ಬರೆದ ಚಿತ್ರದ ಮುಂದೆ ಯಾವ ಮ್ಯಾನೇಜರೂ ‘ನೆಕ್ಸ್ಟ್’ ಅನ್ನಲಾರ. ಈ ಸ್ಲೈಡನ್ನು ಓದಿದ ಹಿರಿಯ ಅಧಿಕಾರಿಗೆ ಇದು ಸಾವುಬದುಕಿನ ವಿಷಯ ಎಂದು ತಿಳಿಯದೇ ಹೋದದ್ದರಲ್ಲಿ ಅಚ್ಚರಿಯಿಲ್ಲ ಎಂದು ದುರಂತದ ತನಿಖಾ ಮಂಡಳಿಯೇ ತನ್ನ ವರದಿಯಲ್ಲಿ ಹೇಳಿದೆ.

ನಮ್ಮ ತಿಂಗಳ ರಿವ್ಯೂ ಮೀಟಿಂಗಿನಲ್ಲಿ ಯಾರ ಜೀವವೂ ಹೋಗುವುದಿಲ್ಲ, ನಿಜ. ದುಡ್ಡು ಹೋಗುತ್ತದೆ, ಹೊತ್ತು ಹೋಗುತ್ತದೆ.

ಮೆಕಿನ್ಸಿ ಕಂಪನಿಯಲ್ಲಿ ದಶಕಗಳ ಕಾಲ ಚಾರ್ಟು ರೂಪಿಸುವ ಕೆಲಸ ಮಾಡಿದ ಜೀನ್ ಝೆಲಾಜ್ನಿ 1985ರಲ್ಲಿ ಚಾರ್ಟುಗಳ ಬಗ್ಗೆ ಬರೆದ ಪುಸ್ತಕದ ತಿರುಳು ಇಷ್ಟೇ: ಯಾವ ಚಾರ್ಟ್ ಬೇಕೆಂದು ತೀರ್ಮಾನಿಸುವುದು ಕೈಯಲ್ಲಿರುವ ಅಂಕಿಯಲ್ಲ, ಹೇಳಬೇಕಾದ ಮಾತು. ಒಂದೇ ಅಂಕಿಪಟ್ಟಿಯಿಂದ ‘ಬೆಳಗಾವಿಯ ಮಾರಾಟ ಮೂರು ವರ್ಷದಿಂದ ಇಳಿಯುತ್ತಿದೆ’ ಎಂದೂ ಹೇಳಬಹುದು, ‘ಈ ವರ್ಷ ಮೈಸೂರು ಎಲ್ಲರಿಗಿಂತ ಮುಂದಿದೆ’ ಎಂದೂ ಹೇಳಬಹುದು. ಮೊದಲನೆಯದಕ್ಕೆ ಕಾಲದ ಜೊತೆ ಸಾಗುವ ಗೆರೆ ಬೇಕು. ಎರಡನೆಯದಕ್ಕೆ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದ ಅಡ್ಡ ಕಂಬಗಳು ಸಾಕು. ಹೇಳುವ ವಾಕ್ಯ ಯಾವುದೆಂದು ಗೊತ್ತಿಲ್ಲದವರು ಎರಡನ್ನೂ ಒಂದರೊಳಗೆ ತುರುಕುತ್ತಾರೆ. ಆ ವಾಕ್ಯವನ್ನೇ ಸ್ಲೈಡಿನ ತಲೆಬರಹ ಮಾಡಿದರೆ ಅರ್ಧ ಕೆಲಸ ಮುಗಿಯಿತು. ‘ಸೇಲ್ಸ್ ಪರ್ಫಾರ್ಮೆನ್ಸ್’ ಎನ್ನುವುದು ಫೈಲಿನ ಮೇಲಿನ ಚೀಟಿ. ‘ಬೆಳಗಾವಿ ಇಳಿಯುತ್ತಿದೆ, ಕಾರಣ ಎರಡು ಡೀಲರುಗಳು’ ಎನ್ನುವುದು ಮಾತು.

ಕಣ್ಣಿಗೂ ತನ್ನದೇ ಮಿತಿಗಳಿವೆ. ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮ್ಯಾಕ್‌ಗಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು 1984ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದು: ಒಂದೇ ಅಳತೆಗೆರೆಯ ಮೇಲಿರುವ ಸ್ಥಾನಗಳನ್ನು ಜನ ಚೆನ್ನಾಗಿ ಹೋಲಿಸುತ್ತಾರೆ, ಕೋನಗಳನ್ನು ಹೋಲಿಸುವಾಗ ಹೆಚ್ಚು ಎಡವುತ್ತಾರೆ. ಪೈ ಚಾರ್ಟಿನ ಹೋಳುಗಳಲ್ಲಿ 19.5ಕ್ಕೂ 21.2ಕ್ಕೂ ವ್ಯತ್ಯಾಸ ಕಾಣದಿರುವುದು ಇದಕ್ಕೇ. ವಾಲಿಸಿದರೆ ಕೇಳುವುದೇ ಬೇಡ. ಇಡೀ ಮೊತ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಒಬ್ಬರದೇ ಎಂದು ತೋರಿಸಲು ಪೈ ನಡೆಯುತ್ತದೆ. ಒಂಬತ್ತು ಹೋಳಿನ ಪೈಗೆ ಯಾವ ಸಮರ್ಥನೆಯೂ ಇಲ್ಲ.

ಕಂಬಗಳ ಚಾರ್ಟಿಗೆ ಒಂದು ಕಡ್ಡಾಯವಿದೆ: ಅಳತೆ ಸೊನ್ನೆಯಿಂದ ಶುರುವಾಗಬೇಕು. ಕಳೆದ ವರ್ಷ 92 ಲಕ್ಷ, ಈ ವರ್ಷ 100 ಲಕ್ಷ ವಹಿವಾಟು ಎಂದಿಟ್ಟುಕೊಳ್ಳಿ. ಏರಿಕೆ ಶೇ 9ರ ಒಳಗೇ. ಆದರೆ ಅಳತೆಯನ್ನು 90ರಿಂದ ಶುರುಮಾಡಿದರೆ ಮೊದಲ ಕಂಬ ಎರಡು ಮನೆ ಎತ್ತರ, ಎರಡನೆಯದು ಹತ್ತು ಮನೆ. ಐದು ಪಟ್ಟು ಬೆಳೆದಂತೆ ಕಾಣುತ್ತದೆ. ಎಕ್ಸೆಲ್ ಇದನ್ನು ಒಮ್ಮೊಮ್ಮೆ ಕೇಳದೆಯೇ ಮಾಡಿಕೊಡುತ್ತದೆ. ಬೇಕೆಂದೇ ಮಾಡುವವರೂ ಕಡಿಮೆಯಿಲ್ಲ. ಚುನಾವಣೆ ಹೊತ್ತಿನ ಟಿ.ವಿ. ಪರದೆಯಲ್ಲಿ ಈ ವಿದ್ಯೆಯ ಪ್ರದರ್ಶನ ಉಚಿತವಾಗಿ ಸಿಗುತ್ತದೆ.

ನಮ್ಮಲ್ಲಿ ಇನ್ನೊಂದು ಸ್ಥಳೀಯ ತಾಪತ್ರಯ ಉಂಟು. ಬೆಂಗಳೂರಿನ ಕಂಪನಿಯ ಡೆಕ್‌ನಲ್ಲಿ ಒಂದು ಸ್ಲೈಡ್ ಮಿಲಿಯನ್ ಡಾಲರಿನಲ್ಲಿ, ಮುಂದಿನದು ಕೋಟಿ ರೂಪಾಯಿಯಲ್ಲಿ, ಅದರ ಮುಂದಿನದು ಲಕ್ಷದಲ್ಲಿ. ಹತ್ತು ಲಕ್ಷಕ್ಕೆ ಒಂದು ಮಿಲಿಯನ್, ಹತ್ತು ಮಿಲಿಯನ್ನಿಗೆ ಒಂದು ಕೋಟಿ ಎಂದು ಕೂತವರು ಮನಸ್ಸಿನಲ್ಲೇ ಸೊನ್ನೆ ಎಣಿಸುತ್ತಿರುವಾಗ ಮಾತಾಡುವವರ ಮಾತು ಯಾರಿಗೂ ಕೇಳುವುದಿಲ್ಲ. ಸರ್ಕಾರಿ ಸಭೆಗಳಲ್ಲಾದರೆ ಬಣ್ಣದ ಚಾರ್ಟು ಕಪ್ಪುಬಿಳುಪು ಜೆರಾಕ್ಸ್ ಆಗಿ ಕೈಗೆ ಬರುತ್ತದೆ. ಕೆಂಪು, ಹಸಿರು, ನೀಲಿ ಮೂರೂ ಒಂದೇ ಬೂದು. ‘ನುಡಿ’ ಸಾಫ್ಟ್‌ವೇರಿನಲ್ಲಿ ಟೈಪು ಮಾಡಿದ ಕನ್ನಡ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಏನಾಗುತ್ತದೆಂದು ಅನುಭವಿಸಿದವರಿಗೆ ಹೇಳಬೇಕಿಲ್ಲ.

ಬಣ್ಣ ನೋಡಿ ಹೆಸರು ಹುಡುಕುವ ಪಾಡಿಗೆ ಮದ್ದು ನಾವೆಲ್ಲ ಶಾಲೆಯಲ್ಲೇ ಕಲಿತದ್ದು. ‘ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ’ ಎಂಬ ಪ್ರಶ್ನೆ ಬಿಡಿಸದೆ ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರಿಲ್ಲ. ಹೃದಯದ ಚಿತ್ರ ಬರೆದು ಎಡ ಹೃತ್ಕುಕ್ಷಿಗೆ ಗೆರೆ ಎಳೆದು ಅಲ್ಲೇ ಹೆಸರು ಬರೆಯುತ್ತಿದ್ದೆವು. ಮೂಲೆಯಲ್ಲಿ ಚೌಕ ಹಾಕಿ ‘ಕೆಂಪು: ಎಡ ಹೃತ್ಕುಕ್ಷಿ, ನೀಲಿ: ಬಲ ಹೃತ್ಕರ್ಣ’ ಎಂದು ಬರೆದಿದ್ದರೆ ಮೇಷ್ಟ್ರು ಅಂಕ ಕತ್ತರಿಸುತ್ತಿದ್ದರು. ಅದೇ ನಾವು ಕಚೇರಿಗೆ ಬಂದ ಮೇಲೆ ಗೆರೆಯ ಪಕ್ಕದಲ್ಲೇ ಹೆಸರು ಬರೆಯುವುದನ್ನು ಮರೆತು ಸಾಫ್ಟ್‌ವೇರ್ ಕೊಟ್ಟ ಚೌಕವನ್ನು ಹಾಗೇ ಬಿಡುತ್ತೇವೆ.

ಇಲ್ಲಿಯವರೆಗೆ ಅಂಕಿಗಳ ಚಿತ್ರದ ಮಾತಾಯಿತು. ಡಬ್ಬಿ ಮತ್ತು ಬಾಣಗಳ ಚಿತ್ರಗಳದು ಇನ್ನೊಂದೇ ಕಥೆ. ಪವರ್‌ಪಾಯಿಂಟ್ 1987ರಲ್ಲಿ ಬಂದಾಗ ಅದು ಮೆಕಿಂತೋಷ್ ಕಂಪ್ಯೂಟರಿಗೆ ಮಾಡಿದ ಸರಳ ಸಾಫ್ಟ್‌ವೇರ್. ಅದೇ ವರ್ಷ ಮೈಕ್ರೋಸಾಫ್ಟ್ ಅದನ್ನು 1.4 ಕೋಟಿ ಡಾಲರಿಗೆ ಕೊಂಡಿತು. 2007ರ ಆವೃತ್ತಿಯಲ್ಲಿ ಸ್ಮಾರ್ಟ್‌ಆರ್ಟ್ ಎಂಬ ಸಿದ್ಧ ಅಚ್ಚುಗಳ ಪೆಟ್ಟಿಗೆ ಸೇರಿತು. ಪಿರಮಿಡ್ಡು, ಚಕ್ರ, ಮೆಟ್ಟಿಲು ಎಲ್ಲ ಅದರಲ್ಲಿವೆ. ಅಂದಿನಿಂದ ಆಕಾರ ಮೊದಲು, ವಿಷಯ ಆಮೇಲೆ. ನಾಲ್ಕು ಬಿಡಿ ಕೆಲಸಗಳಿದ್ದರೆ ಅವನ್ನು ಚಕ್ರದ ಮೇಲೆ ಕೂರಿಸಿ ಬಾಣ ಹಾಕುತ್ತಾರೆ. ನಾಲ್ಕನೆಯದು ಮುಗಿದ ಮೇಲೆ ಮತ್ತೆ ಒಂದನೆಯದಕ್ಕೆ ಯಾಕೆ ಹೋಗಬೇಕು ಎಂದು ಕೇಳಿದರೆ ಬರೆದವರಿಗೂ ಗೊತ್ತಿಲ್ಲ. ಬಾಣ ಎಂದರೆ ‘ಇದಾದ ಮೇಲೆ ಅದು’ ಎಂದೋ, ‘ಇದರಿಂದ ಅದು’ ಎಂದೋ, ‘ಇವರು ಅವರಿಗೆ ವರದಿ ಒಪ್ಪಿಸುತ್ತಾರೆ’ ಎಂದೋ? ಒಂದು ಚಿತ್ರದಲ್ಲಿ ಬಾಣಕ್ಕೆ ಒಂದೇ ಅರ್ಥ ಇರಬೇಕು.

ಬಾಣಗಳ ಅತಿರೇಕಕ್ಕೆ ಹೆಸರಾದದ್ದು ಅಫ್ಗಾನಿಸ್ತಾನ ಯುದ್ಧದ ಸ್ಲೈಡು. 2009ರ ಬೇಸಿಗೆಯಲ್ಲಿ ಕಾಬೂಲಿನಲ್ಲಿ ಅಮೆರಿಕದ ಜನರಲ್ ಸ್ಟ್ಯಾನ್ಲಿ ಮೆಕ್ರಿಸ್ಟಲ್ ಅವರಿಗೆ ಯುದ್ಧತಂತ್ರವನ್ನು ವಿವರಿಸುವ ಚಿತ್ರ ತೋರಿಸಿದರು. ನೂಡಲ್ಸ್ ಸುರಿದ ಹಾಗೆ ಬಾಣಗಳು. ಈ ಸ್ಲೈಡು ಅರ್ಥವಾದ ದಿನ ನಾವು ಯುದ್ಧ ಗೆದ್ದಂತೆ ಎಂದು ಜನರಲ್ ಚಟಾಕಿ ಹಾರಿಸಿದರು, ಕೋಣೆ ನಕ್ಕಿತು. ಆ ಚಿತ್ರದ ಒಂದೊಂದು ಬಾಣವೂ ಬಹುಶಃ ಸರಿಯೇ ಇತ್ತು. ಏನನ್ನು ಬಿಡಬೇಕೆಂದು ಯಾರೂ ತೀರ್ಮಾನಿಸಿರಲಿಲ್ಲ, ಅಷ್ಟೇ.

ಬಿಡುವುದು ಹೇಗೆಂದು ತೋರಿಸಿದವರು ಹ್ಯಾರಿ ಬೆಕ್. ಲಂಡನ್ನಿನ ನೆಲದಡಿ ರೈಲಿನ ಸಿಗ್ನಲ್ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದ ಆತ 1931ರಲ್ಲಿ ಒಂದು ಹೊಸ ಮಾರ್ಗನಕ್ಷೆ ಬರೆದರು. ಗೆರೆಗಳೆಲ್ಲ ಅಡ್ಡ, ನೇರ ಅಥವಾ 45 ಡಿಗ್ರಿ ಓರೆ. ನಿಲ್ದಾಣಗಳ ನಡುವಿನ ನಿಜದೂರ ಇಲ್ಲ, ಮೇಲಿನ ರಸ್ತೆಗಳಿಲ್ಲ. ಥೇಮ್ಸ್ ನದಿಯೊಂದು ಉಳಿದಿದೆ. ಇದೆಂಥ ನಕ್ಷೆ ಎಂದು ಸಂಸ್ಥೆ ಮೊದಲು ತಿರಸ್ಕರಿಸಿತು. 1933ರಲ್ಲಿ ಅಚ್ಚಾದಾಗ ಪ್ರಯಾಣಿಕರು ಮುಗಿಬಿದ್ದರು. ನೆಲದಡಿ ಕೂತವರ ಪ್ರಶ್ನೆ ‘ಎಲ್ಲಿ ಬದಲಿಸಬೇಕು’ ಎಂಬುದೊಂದೇ ಎಂದು ಬೆಕ್‌ಗೆ ಹೊಳೆದಿತ್ತು. ನಮ್ಮ ಮೆಟ್ರೊ ನಕ್ಷೆಯೂ ಅದೇ ವಂಶದ್ದು. ಕಬ್ಬನ್ ಪಾರ್ಕಿನಲ್ಲಿ ಹತ್ತಿ ಜಯನಗರಕ್ಕೆ ಹೋಗುವವರು ನೇರಳೆ ಗೆರೆ ಹಿಡಿದು ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಗೆರೆಗೆ ಹೋಗಬೇಕೆಂದು ಕನ್ನಡ, ಇಂಗ್ಲಿಷ್ ಎರಡೂ ಓದಲು ಬಾರದವರಿಗೂ ಬಣ್ಣದಿಂದಲೇ ಗೊತ್ತಾಗುತ್ತದೆ.

ಹಾಗಿದ್ದರೆ ಪಿಪಿಟಿಯನ್ನೇ ಬಿಟ್ಟುಬಿಡಬಾರದೇಕೆ ಎಂದು ಕೇಳುವವರಿದ್ದಾರೆ. ಅಮೆಜಾನ್‌ನ ಜೆಫ್ ಬೆಜೋಸ್ 2004ರಲ್ಲಿ ಹಾಗೇ ಮಾಡಿದರು. ಹಿರಿಯರ ಸಭೆಗಳಲ್ಲಿ ಸ್ಲೈಡು ನಿಷಿದ್ಧ; ಆರು ಪುಟದ ಬರಹ ತರಬೇಕು, ಎಲ್ಲರೂ ಮೌನವಾಗಿ ಓದಿದ ಮೇಲೆ ಚರ್ಚೆ. ಕ್ರಮವಾಗಿ ಬರೆಯಬೇಕೆಂದರೆ ಕ್ರಮವಾಗಿ ಯೋಚಿಸಲೇಬೇಕು ಎಂಬುದು ಅದರ ಹಿಂದಿನ ತರ್ಕ. ತರ್ಕ ಸರಿ. ಆದರೆ ಬರಹದಿಂದ ಎಲ್ಲವೂ ಆಗದು. ಚಾಲೆಂಜರ್ ದುರಂತಕ್ಕೆ ಮುಂಚಿನ ಆ ಇಪ್ಪತ್ನಾಲ್ಕು ಹಾರಾಟಗಳ ತಾಪಮಾನವನ್ನು ವಾಕ್ಯಗಳಲ್ಲಿ ಬರೆದಿದ್ದರೂ ಚಳಿಯ ನಂಟು ಯಾರಿಗೂ ಕಾಣುತ್ತಿರಲಿಲ್ಲ.

ಚಿತ್ರದ ಅಗತ್ಯ ಹೆಚ್ಚಿರುವುದು ಗಾಜಿನ ಕಟ್ಟಡಗಳಿಗಿಂತ ಇತರೆಡೆ ಎಂದೇ ಹೇಳಬೇಕು. ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದ ವಾರ್ಷಿಕ ಮಹಾಸಭೆಯಲ್ಲಿ ಜಮಾ-ಖರ್ಚಿನ ಪಟ್ಟಿಯನ್ನು ಒಂದೇ ಉಸಿರಿನಲ್ಲಿ ಓದಿ ‘ಎಲ್ಲರ ಒಪ್ಪಿಗೆ ಇದೆ’ ಎಂದು ಮುಗಿಸುವುದು ರೂಢಿ. ಕಾರ್ಯದರ್ಶಿ ಹಾಲಿನ ದರ ಏರಿದೆ ಅನ್ನುತ್ತಾರೆ, ಸದಸ್ಯರು ಹಿಂಡಿ-ಬೂಸಾ ದರ ಅದಕ್ಕಿಂತ ಏರಿದೆ ಅನ್ನುತ್ತಾರೆ, ಸಭೆ ಗದ್ದಲದಲ್ಲಿ ಮುಗಿಯುತ್ತದೆ. ಇಬ್ಬರ ಮಾತನ್ನೂ ಒಂದು ಡ್ರಾಯಿಂಗ್ ಹಾಳೆಯಲ್ಲಿ ಎರಡು ಗೆರೆಯಾಗಿ ಬರೆಯಬಹುದು. ಹತ್ತು ವರ್ಷದ ಹಿಂದಿನ ದರ ಎರಡಕ್ಕೂ ನೂರು ಎಂದು ಹಿಡಿದು, ಲೀಟರ್ ಹಾಲಿಗೆ ರೈತರಿಗೆ ಸಿಕ್ಕ ದರ ಒಂದು ಗೆರೆ, ಹಿಂಡಿ ಮೂಟೆಯ ದರ ಇನ್ನೊಂದು ಗೆರೆ. ಪ್ರತಿ ಗೆರೆಯ ತುದಿಯಲ್ಲಿ ಅದರ ಹೆಸರು. ಪ್ರೊಜೆಕ್ಟರೂ ಬೇಡ, ಕರೆಂಟೂ ಬೇಡ. ಜಗಳ ಆಗಬಹುದು, ಆದರೆ ಆಗುವ ಜಗಳ ಎರಡು ಗೆರೆಗಳ ನಡುವಿನ ಅಂತರದ ಬಗ್ಗೆ ಆಗುತ್ತದೆ.

ಇದೆಲ್ಲ ಸ್ಲೈಡು ಮಾಡುವ ಹುಡುಗ-ಹುಡುಗಿಯರಿಗೆ ಹೇಳಿ ಪ್ರಯೋಜನವಿಲ್ಲ. ಅವರು ಕೇಳಿದ್ದನ್ನು ಕೊಡುತ್ತಾರೆ. ‘ನಾಳೆ ಹನ್ನೊಂದಕ್ಕೆ ಇಪ್ಪತ್ತು ಸ್ಲೈಡ್ ರೆಡಿ ಇರಲಿ’ ಎಂದು ಹಿಂದಿನ ಸಂಜೆ ಆರಕ್ಕೆ ಹೇಳಿ ಮನೆಗೆ ಹೋಗುವ ಹಿರಿಯರಲ್ಲಿ ಒಂದು ವಿನಂತಿ: ಎಷ್ಟು ಸ್ಲೈಡ್ ಎಂದು ಹೇಳುವ ಬದಲು, ನಾಳೆ ಏನನ್ನು ತೀರ್ಮಾನಿಸಬೇಕಾಗಿದೆ ಎಂದು ಒಂದು ವಾಕ್ಯದಲ್ಲಿ ಬರೆದುಕೊಟ್ಟು ಹೋಗಿ.